‘ಇವರಿಗೆ ಹೇಳಿದ್ರ ಏನ್ ತಿಳೀತದ?’

ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡ ಮನೆಯೊಂದರ ಮಗುವಿಗೆ ರಕ್ತದ ಕ್ಯಾನ್ಸರ್ ಅಂತಾದರೆ ಲಾತೂರಿಗೋ, ಸೊಲ್ಲಾಪುರಕ್ಕೋ, ಬಾರ್ಶಿಗೋ ಓಡಬೇಕು. ‘ಹೋದ ತಿಂಗಳು ಒಂದು ಗುಳಿಗೆ, ಈಗ ಅರ್ಧ ಯಾಕ್ರಿ?’ ಅಂತ ಒಬ್ಬ ತಾಯಿ ಕೇಳಿದಾಗ ಸಿಕ್ಕ ಉತ್ತರವನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಉತ್ತರ ಬಂದದ್ದು ಆಕೆಗಲ್ಲ, ನನಗೆ: ‘ಇವರಿಗೆ ಹೇಳಿದ್ರ ಏನ್ ತಿಳೀತದ ಮಾಸ್ತರ್?’

ಯಾಕೆ ತಿಳಿಯುವುದಿಲ್ಲ ಸ್ವಾಮಿ? ಕಿಣ್ವ ಅಂದರೇನು ಅಂತ ನಾನು ಹೈಸ್ಕೂಲು ಹುಡುಗರಿಗೆ ಕನ್ನಡದಲ್ಲೇ ಕಲಿಸುತ್ತೇನೆ. (ಮರಾಠಿಯಲ್ಲಿ ಅದು ‘ವಿಕರ’. ಒಂದು ದೀರ್ಘ ಹೆಚ್ಚಾದರೆ ‘ವಿಕಾರ’, ಅಂದರೆ ರೋಗ! ಹುಡುಗರಿಗೆ ನಗು.) ಆ ತಾಯಿಗೆ ಹೇಳಬೇಕಿದ್ದದ್ದು ಇಷ್ಟೇ.

ಗುಳಿಗೆಯ ಹೆಸರು ಮರ್ಕ್ಯಾಪ್ಟೊಪ್ಯೂರಿನ್. ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ತಂಡದ್ದು. 1953ರಿಂದ ಬಳಕೆಯಲ್ಲಿದೆ, 1988ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ನುಂಗಿದ ಗುಳಿಗೆ ತಾನಾಗಿ ಏನೂ ಮಾಡದು, ಮಲಗಿಯೇ ಇರುತ್ತದೆ. ರಕ್ತಕಣದೊಳಗಿನ ಎಚ್‌ಜಿಪಿಆರ್‌ಟಿ ಎಂಬ ಕಿಣ್ವ ಅದಕ್ಕೆ ಸಕ್ಕರೆ-ಫಾಸ್ಫೇಟಿನ ತುಂಡೊಂದನ್ನು ಅಂಟಿಸಿ ಎಬ್ಬಿಸಬೇಕು. ಆಮೇಲೆ ಇನ್ನೂ ಕೆಲವು ಕಿಣ್ವಗಳ ಕೈ ದಾಟಿ, ಡಿಎನ್‌ಎ ಅಕ್ಷರದ ವೇಷ ಹಾಕಿಕೊಂಡು ಒಳನುಗ್ಗಿ ಕ್ಯಾನ್ಸರ್ ಕಣವನ್ನು ಕೊಲ್ಲುತ್ತದೆ. ಎಬ್ಬಿಸುವವು ಇದ್ದ ಹಾಗೆ ಮಲಗಿಸುವ ಕಿಣ್ವಗಳೂ ಇವೆ: ಟಿಪಿಎಂಟಿ, ಎನ್‌ಯುಡಿಟಿ15. ಇವು ದುರ್ಬಲವಾಗಿದ್ದರೆ ಅದೇ ಗುಳಿಗೆ ಒಳ್ಳೆಯ ಬಿಳಿ ರಕ್ತಕಣಗಳನ್ನೂ ಮುಗಿಸುತ್ತದೆ. ಸಣ್ಣ ಸೋಂಕೂ ಜೀವಕ್ಕೆ ಕುತ್ತು.

ನನ್ನ ಸಿಟ್ಟು ಇರುವುದು ಇಲ್ಲಿ. ವರ್ಷಗಟ್ಟಲೆ ಎಲ್ಲರೂ ಟಿಪಿಎಂಟಿಯನ್ನೇ ಜಪಿಸಿದರು. ಅದರ ದೋಷ ಹೆಚ್ಚಾಗಿ ಇರುವುದು ಯುರೋಪಿನವರಲ್ಲಿ. ನಮ್ಮವರಲ್ಲಿ ಹೆಚ್ಚು ಕಾಣುವ ಎನ್‌ಯುಡಿಟಿ15 ದೋಷ ಗೊತ್ತಾದದ್ದು 2014ರಲ್ಲಿ, ಅದೂ ಕೊರಿಯಾದ ರೋಗಿಗಳಿಂದ. ದಕ್ಷಿಣ ಏಷ್ಯಾದಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು ಇದನ್ನು ಹೊತ್ತಿರುತ್ತಾರೆ. ಪರೀಕ್ಷೆಯ ಫಲಿತಾಂಶ ನೋಡಿ ಡೋಸ್ ಎಷ್ಟು ಇಳಿಸಬೇಕು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ.

ಇಷ್ಟು ಗೊತ್ತಿದ್ದ ತಾಯಿ ರಕ್ತ ತಪಾಸಣೆಯ ದಿನ ತಪ್ಪಿಸುವಳೇ? ‘ಪಕ್ಕದ ಹಾಸಿಗೆಯವನಿಗೆ ಒಂದು, ನನ್ನ ಮಗನಿಗೆ ಅರ್ಧ, ಬಡವರಂತಲೇ?’ ಎಂದು ಕೊರಗುವಳೇ? ಎರಡು ವರ್ಷದ ಗುಳಿಗೆಯನ್ನು, ಮಗ ಆಡತೊಡಗಿದ ಅಂತ ಆರು ತಿಂಗಳಿಗೇ ನಿಲ್ಲಿಸುವಳೇ? ಬದಲಿಗೆ ‘ಎನ್‌ಯುಡಿಟಿ15 ನೋಡೀರೇನ್ರಿ ಡಾಕ್ಟ್ರೇ?’ ಅಂತ ಕೇಳುತ್ತಾಳೆ. ಕನ್ನಡ ಬಾರದಿದ್ದರೆ ಮರಾಠಿಯಲ್ಲೇ ಉತ್ತರಿಸಲಿ. ಗಡಿಯ ಹೆಂಗಸರಿಗೆ ಎರಡೂ ಬರುತ್ತವೆ.