ಕೂಸಿನ ಮೊದಲ ತುತ್ತು ಮನೆಯ ಗಡಿಗೆಯಿಂದಲೇ ಬರಲಿ

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೇ ಅನ್ನ, ತಾಯಿಯ ಹಾಲೇ ನೀರು. ಆ ಬಳಿಕ ಹಾಲೊಂದೇ ಸಾಲದು. ಹುಟ್ಟುವಾಗ ಮಗು ತನ್ನೊಡನೆ ತಂದ ಕಬ್ಬಿಣಾಂಶದ ಸಂಗ್ರಹ ಆ ಹೊತ್ತಿಗೆ ಕರಗುತ್ತ ಬಂದಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿ ರಕ್ತಹೀನರು. ಇದು ಬಡವರ ಮನೆಯ ಮಾತು ಮಾತ್ರವಲ್ಲ. ಹಗೇವು ತುಂಬಿದ ಮನೆಗಳಲ್ಲಿಯೂ ಕಾಣುವ ಕೊರತೆ.

ಆದರೂ ನಮ್ಮ ಅನೇಕ ಮನೆಗಳಲ್ಲಿ ‘ಜವಳ ಆಗಲಿ’, ‘ಹಲ್ಲು ಬರಲಿ’, ‘ಒಳ್ಳೆಯ ದಿನ ನೋಡೋಣ’ ಎಂದು ಎಂಟು, ಒಂಬತ್ತು ತಿಂಗಳವರೆಗೆ ತಡೆಯುವುದುಂಟು. ದಿನ, ವಾರಗಳ ಶುಭಾಶುಭವನ್ನು ಎಣಿಸದ ಶರಣರ ಪರಂಪರೆಯವರಾದ ನಮಗೆ ಈ ತಡ ಸಲ್ಲದು. ಆರು ತಿಂಗಳು ತುಂಬಿದ ಕೂಸು ಕತ್ತು ನಿಲ್ಲಿಸಿ, ಆಸರೆ ಕೊಟ್ಟರೆ ಕುಳಿತು, ನಮ್ಮ ಗಂಗಾಳದತ್ತ ಕೈ ಚಾಚುವಾಗ ಅದೇ ಸುದಿನವೆಂದು ತಿಳಿಯಬೇಕು.

ಮೊದಲ ತುತ್ತು ಯಾವುದಿರಬೇಕು? ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿಯ ಗದ್ದೆಗಳಲ್ಲಿ ಭತ್ತ ತೂಗುತ್ತದೆ. ಅಲ್ಲಿ ಅಕ್ಕಿಯ ಗಂಜಿ ಸಹಜ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವುದು ಜೋಳ, ಸಜ್ಜೆ. ಅಲ್ಲಿಯೂ ಈಗ ‘ಜೋಳ ಕೂಸಿಗೆ ಜಡ’ ಎಂದು ಪೇಟೆಯಿಂದ ಬಿಳಿ ಅಕ್ಕಿ ತಂದು ತಿಳಿನೀರಿನಂತಹ ಗಂಜಿ ಕುಡಿಸುತ್ತಾರೆ. ಪಾಲಿಶ್ ಮಾಡಿದ ಅಕ್ಕಿಗಿಂತ ಸಜ್ಜೆಯಲ್ಲಿ ಕಬ್ಬಿಣಾಂಶ ಹೆಚ್ಚು. ಹೊಲದಲ್ಲಿರುವ ಸತ್ತ್ವವನ್ನು ಬಿಟ್ಟು ನೀರನ್ನು ಕೊಳ್ಳುವುದು ಯಾವ ಲಾಭ?

ಕೂಸಿನ ಹೊಟ್ಟೆ ಚಿಕ್ಕದು. ತಿಳಿಗಂಜಿ ಕುಡಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚೆಯನ್ನು ಓರೆ ಮಾಡಿದರೆ ಹರಿದು ಬೀಳದಷ್ಟು ಗಟ್ಟಿಯಿರಬೇಕು. ಜೋಳದ ನುಚ್ಚಿಗೆ ಅರ್ಧದಷ್ಟು ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಬೆಂದ ಮೆಂತ್ಯ ಇಲ್ಲವೇ ರಾಜಗಿರಿ ಸೊಪ್ಪನ್ನು ಕಿವುಚಿ ಬೆರೆಸಿ, ಒಂದು ಸಣ್ಣ ಚಮಚೆ ತುಪ್ಪ, ನಾಲ್ಕು ಹನಿ ಲಿಂಬೆರಸ ಸೇರಿಸಿದರೆ ಸಾಕು. ಲಿಂಬೆಯ ಹುಳಿ ಕಾಳಿನ ಕಬ್ಬಿಣಾಂಶವನ್ನು ಮೈಗೂಡಿಸಲು ನೆರವಾಗುತ್ತದೆ. ಮನೆಯ ಗಡಿಗೆಯಿಂದ ಖಾರ, ಉಪ್ಪು ಬೀಳುವ ಮುನ್ನವೇ ಕೂಸಿನ ಪಾಲನ್ನು ತೆಗೆದಿರಿಸಿದರೆ ಬೇರೆ ಅಡುಗೆಯ ಹೊರೆಯಿಲ್ಲ. ರಾಗಿ ಅಥವಾ ಸಜ್ಜೆಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನ ಗುಣವೇ ಬೇರೆ. ಹೆಚ್ಚು ಹಿಟ್ಟು ಹಾಕಿದರೂ ಅಂಬಲಿ ಅಂಟಾಗದೆ ನುಂಗಲು ಸುಲಭವಾಗುತ್ತದೆ.

ಮೊದಲ ದಿನಗಳಲ್ಲಿ ಎರಡು ಮೂರು ಚಮಚೆ, ದಿನಕ್ಕೆ ಎರಡು ಸಲ. ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಅರ್ಧ ಬಟ್ಟಲು. ಒಂಬತ್ತನೆಯ ತಿಂಗಳಿಂದ ಮೂರು ನಾಲ್ಕು ಸಲ. ಆಗ ಬಿಸಿ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ನುಣ್ಣಗೆ ಕಿವುಚಿ ಕೊಡಬಹುದು. ಕಟಕ ರೊಟ್ಟಿಯ ಚೂರು, ಇಡಿಯ ಶೇಂಗಾ, ಪುಠಾಣಿ ಗಂಟಲಿಗೆ ಸಿಕ್ಕುವ ಅಪಾಯವಿದೆ. ಶೇಂಗಾ ಪುಡಿ ಮಾಡಿ ಬೆರೆಸಿದರೆ ಒಳ್ಳೆಯದು. ಜೇನುತುಪ್ಪ ವರ್ಷ ತುಂಬುವವರೆಗೆ ಬೇಡ. ಚಹಾದಲ್ಲಿ ಅದ್ದಿದ ಬಿಸ್ಕೆಟ್ ಎಂದಿಗೂ ಬೇಡ. ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ. ತಾಯಿಯ ಹಾಲು ಮಾತ್ರ ಎರಡು ವರ್ಷದವರೆಗೂ ಮುಂದುವರಿಯಲಿ.

ಮಾಂಸ, ಮೊಟ್ಟೆಗಳಿಲ್ಲದ ನಮ್ಮ ಮನೆಗಳು ಇನ್ನೂ ಒಂದು ಮಾತನ್ನು ಮರೆಯಬಾರದು. ಕಾಳು, ಬೇಳೆ, ಸೊಪ್ಪು, ಮೊಸರು ಕೂಸಿನ ಬಟ್ಟಲಿಗೆ ದಿನವೂ ಬರಬೇಕು. ಆಕಳ ಹಾಲಿನಿಂದಲೇ ಹೊಟ್ಟೆ ತುಂಬಿಸಿದರೆ ರಕ್ತಹೀನತೆ ಹೆಚ್ಚುತ್ತದೆ. 6 ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿ.ಲೀ. ಕೊಡಬೇಕಾದ ಕಬ್ಬಿಣಾಂಶದ ಸಿರಪ್ಪಿಗಾಗಿ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಅಂಗನವಾಡಿಯಿಂದ ಮನೆಗೆ ಬರುವ ಪೌಷ್ಟಿಕ ಆಹಾರ ಕೂಸಿನ ಪಾಲಿನದೇ ಆಗಿರಬೇಕು. ಡಬ್ಬಿಯ ಆಹಾರದ ಆಕರ್ಷಣೆಗೆ ಮರುಳಾಗಬೇಕಿಲ್ಲ. 1992ರ ಕಾಯ್ದೆ, 2003ರ ತಿದ್ದುಪಡಿಗಳು ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೇ ನಿಷೇಧಿಸಿವೆ.

ನೀರಿನ ವಿಷಯದಲ್ಲಿಯೂ ಎಚ್ಚರ ಬೇಕು. ಕೊಪ್ಪಳ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕ. ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಕೂಸಿನ ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ತಂದು, ಕುದಿಸಿ ಬಳಸುವುದು ಲೇಸು. ಉಣಿಸುವ ಕೈಯನ್ನೂ ಉಣ್ಣುವ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು.

ಕೊನೆಯದಾಗಿ, ಪ್ರಸಾದದ ಮಾತು. ಗಂಗಾಳದಲ್ಲಿ ಅಗುಳು ಬಿಡಬಾರದೆಂಬ ನಮ್ಮ ನೇಮ ದೊಡ್ಡದು. ಆದರೆ ಆ ನೇಮದ ಹೆಸರಿನಲ್ಲಿ ಕೂಸಿನ ಕೈಕಾಲು ಹಿಡಿದು, ಮೂಗು ಮುಚ್ಚಿ, ಅಳುವ ಬಾಯಿಗೆ ತುತ್ತು ತುರುಕುವುದನ್ನು ನಾವು ಕಾಣುತ್ತೇವೆ. ಪ್ರಸಾದವನ್ನು ಪ್ರೀತಿಯಿಂದ ಕೊಡುವುದೂ ಪ್ರೀತಿಯಿಂದ ಕೊಳ್ಳುವುದೂ ಇದ್ದರೇ ಅದು ಪ್ರಸಾದ. ಹೆದರಿಕೆಯಿಂದ ನುಂಗಿದ್ದು ಬರಿಯ ಪದಾರ್ಥ. ವ್ಯರ್ಥವಾಗದಿರಲು ದಾರಿ ಸುಲಭ: ಸ್ವಲ್ಪ ಬಡಿಸಿ, ಬೇಡಿದರೆ ಮತ್ತೆ ಬಡಿಸಿ. ಇಂದು ಮುಖ ತಿರುಗಿಸಿದ ಸೊಪ್ಪನ್ನು ನಾಲ್ಕು ದಿನ ಬಿಟ್ಟು ಮತ್ತೆ ತೋರಿಸಿ. ಹತ್ತು ಸಲ ರುಚಿ ನೋಡಿದ ಮೇಲೆ ಒಗ್ಗುವ ಕೂಸುಗಳೂ ಉಂಟು.

ತಾಯಿ ಹೊಲಕ್ಕೋ ಕಚೇರಿಗೋ ಹೋದ ಮನೆಯಲ್ಲಿ ಉಣಿಸುವ ಕೈ ಅಜ್ಜಿಯದು, ಅಜ್ಜನದು. ಅದು ತಂದೆಯ ಕೈಯೂ ಆಗಬೇಕು. ಕೂಸಿಗೆ ತಾಳ್ಮೆಯಿಂದ ಒಂದು ತುತ್ತು ಉಣಿಸುವುದು ಹೆಂಗಸರ ಕೆಲಸವಲ್ಲ, ಮನೆಯ ಕಾಯಕ. ನಮ್ಮ ಮನೆಗಳ ಎಳೆಯ ಮಕ್ಕಳು ಈ ನೆಲದ ಜೋಳ, ಸಜ್ಜೆ, ಬೇಳೆಗಳ ಸತ್ತ್ವವನ್ನುಂಡು ಗಟ್ಟಿಯಾಗಿ ಬೆಳೆಯಲೆಂದು ಹಾರೈಸುತ್ತೇವೆ.