ಕೇಳುವ ಧೈರ್ಯವೊಂದೇ ಸಾಕೇ?

ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ಎಷ್ಟು ಸಂಬಳ ನಿರೀಕ್ಷಿಸುತ್ತೀರಿ?’ ಎಂದರೆ ನಮ್ಮ ಉತ್ತರ ಸಿದ್ಧವಿರುತ್ತದೆ: ‘ಕಂಪನಿ ನಿಯಮದಂತೆ ಸರ್.’ ಬಾಯಿಬಿಟ್ಟು ಕೇಳಿದರೆ ಸಿಗುತ್ತದೆ ಎನ್ನುವವರಿಗೆ ಅಮೆರಿಕದ ಕಿರುತೆರೆ ನಟಿ ಎಲೆನ್ ಪೊಂಪಿಯೊ ಒಳ್ಳೆಯ ಉದಾಹರಣೆ. ಆದರೆ ಅವರ ಕಥೆಯನ್ನು ಪೂರ್ತಿ ಓದಿದಾಗ ನನಗೆ ಕಂಡದ್ದು ಬೇರೆ.

2005ರಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾದ ಆಸ್ಪತ್ರೆ ಧಾರಾವಾಹಿ ‘ಗ್ರೇಸ್ ಅನಾಟಮಿ’. ಆ ಹೆಸರಿನಲ್ಲಿರುವ ‘ಗ್ರೇ’ ಪೊಂಪಿಯೊ ಅವರದೇ ಪಾತ್ರ. ಅದೇ ಕಾರಣಕ್ಕೆ ಒಮ್ಮೆ ಸಹನಟ ಪ್ಯಾಟ್ರಿಕ್ ಡೆಂಪ್ಸಿಗಿಂತ ಬರೀ 5 ಸಾವಿರ ಡಾಲರ್ ಹೆಚ್ಚು ಕೇಳಿದರು. ಸಿಗಲಿಲ್ಲ. ನೀವಿಲ್ಲದಿದ್ದರೇನು, ಡೆಂಪ್ಸಿ ಇದ್ದಾರಲ್ಲ ಎಂಬುದು ಎದುರಿನವರ ಪಟ್ಟು. ಇಬ್ಬರೂ ಸೇರಿ ಮಾತಾಡೋಣ ಎಂದರೆ ಡೆಂಪ್ಸಿ ಆಸಕ್ತಿ ತೋರಲಿಲ್ಲವಂತೆ. ಇದನ್ನೆಲ್ಲ 2018ರಲ್ಲಿ ‘ಹಾಲಿವುಡ್ ರಿಪೋರ್ಟರ್’ನಲ್ಲಿ ಅವರೇ ಬಿಚ್ಚಿಟ್ಟರು.

2015ರಲ್ಲಿ ಡೆಂಪ್ಸಿ ಧಾರಾವಾಹಿ ಬಿಟ್ಟರು. 2017ರ ಕೊನೆಯಲ್ಲಿ ಪೊಂಪಿಯೊ ಮಾಡಿಕೊಂಡ ಒಪ್ಪಂದ ವರ್ಷಕ್ಕೆ 2 ಕೋಟಿ ಡಾಲರ್‌ಗೂ ಹೆಚ್ಚಿನದು. ನಟಿ ಅವರೇ, ಪಾತ್ರ ಅದೇ, ಕೇಳುವ ಧೈರ್ಯವೂ ಮೊದಲೇ ಇತ್ತು. ಬೆರಳು ಮಾಡಿ ತೋರಿಸಲು ಇನ್ನೊಬ್ಬರಿರಲಿಲ್ಲ, ಅಷ್ಟೇ.

ನಮಗೆ ಆ ‘ಇನ್ನೊಬ್ಬರು’ ಪಕ್ಕದ ಬೆಂಚಿನಲ್ಲೇ ಇದ್ದಾರೆ. ಒಂದು ಹುದ್ದೆಗೆ ಇಡೀ ತರಗತಿಯೇ ಅರ್ಜಿ ಹಾಕಿರುತ್ತದೆ. ಪೊಂಪಿಯೊ ತಮ್ಮ ಸಂಬಳದ ಬಗ್ಗೆ ಪತ್ರಿಕೆಯಲ್ಲೇ ಮಾತಾಡಿದರು. ಇಲ್ಲಿ ಆಫರ್ ಲೆಟರ್ ಬಂದ ಗೆಳೆಯರು ಸಿಹಿ ಹಂಚುತ್ತಾರೆ; ಪ್ಯಾಕೇಜ್ ಎಷ್ಟೋ ಎಂದರೆ ಮಾತು ತೇಲಿಸುತ್ತಾರೆ. ನನ್ನ ಸರದಿ ಬಂದಾಗ ನಾನೂ ಹಾಗೆಯೇ ಮಾಡುತ್ತೇನೇನೋ.