ಮೊಬೈಲ್‌ನಲ್ಲಿ ಸುತ್ತುವ ಆ ಕೆಂಪು ಸುಳಿ ಹುಲಗೂರಿಗೂ ಬರುತ್ತದೆಯೇ?

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಸಾಕು, ಹುಲಗೂರಿನಂಥ ಊರುಗಳ ವಾಟ್ಸಾಪ್ ಗುಂಪುಗಳಲ್ಲೂ ಬಣ್ಣದ ಸುಳಿಯ ನಕ್ಷೆಗಳು ಹರಿದಾಡುತ್ತವೆ. ಹಲವು ಫೋಟೋಗಳಲ್ಲ, ಕಂಪ್ಯೂಟರ್ ಲೆಕ್ಕ ಹಾಕಿದ ಮುನ್ಸೂಚನೆಗಳು. ಹೊಸ ಮಾಹಿತಿ ಸಿಕ್ಕಂತೆ ಬದಲಾಗುತ್ತವೆ.

2021ರ ಮೇ 14ರಂದು ಲಕ್ಷದ್ವೀಪದ ಬಳಿ ಇದ್ದ ವಾಯುಭಾರ ಕುಸಿತವೇ ಮುಂದೆ ತೌಕ್ತೆ ಚಂಡಮಾರುತವಾಯಿತು. ನಮ್ಮ ಕರಾವಳಿಗೆ ಮಳೆ, ಕಡಲ್ಕೊರೆತ ತಂದು, ಮೇ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು.

ಚಂಡಮಾರುತಕ್ಕೆ ಬಲ ಕೊಡುವುದು ಬೆಚ್ಚಗಿನ ಸಮುದ್ರದ ನೀರಾವಿ. ನೆಲಕ್ಕೆ ಬಂದಂತೆ ಅದು ಸೊರಗುತ್ತದೆ. ಹಾಗಾಗಿ ಸುತ್ತಲೂ ಕಡಲಿರುವ ಪುಟ್ಟ ದ್ವೀಪಗಳಿಗಿರುವಷ್ಟು ಅಪಾಯ ಒಳನಾಡಿನ ನಮಗಿಲ್ಲ. ಗಾಳಿ, ಮಳೆ ಬರಬಹುದು.

ಫಾರ್ವರ್ಡ್ ಮಾಡುವ ಮುನ್ನ ದಿನಾಂಕ ನೋಡಿ, ಹವಾಮಾನ ಇಲಾಖೆಯ ಪ್ರಕಟಣೆಗೆ ತಾಳೆ ಹಾಕಿ. ಹಳೆಯ ಎಚ್ಚರಿಕೆಯನ್ನೇ ಪದೇ ಪದೇ ಹಂಚಿದರೆ, ನಿಜವಾದ ಎಚ್ಚರಿಕೆ ಬಂದ ದಿನ ನಾವೇ ನಂಬುವುದಿಲ್ಲ.